ಫೋನು ಎತ್ತದ ಅಪ್ಪ

ನಮ್ಮ ಮನೆಯಲ್ಲಿ ಫೋನು ಬಡಿದುಕೊಂಡರೆ ಅಪ್ಪ ಎದ್ದು ಹೋಗುತ್ತಾನೆ. ಫೋನಿನ ಕಡೆಗಲ್ಲ, ಹಿತ್ತಲಿನ ಕಡೆಗೆ. ಅಲ್ಲಿ ಒಗೆಯುವ ಕಲ್ಲಿನ ಪಕ್ಕ ಎರಡು ಕುಂಡಗಳಿವೆ, ಒಂದರಲ್ಲಿ ದೊಡ್ಡಪತ್ರೆ, ಇನ್ನೊಂದರಲ್ಲಿ ಕರಿಬೇವು. ಎರಡಕ್ಕೂ ಬೆಳಿಗ್ಗೆಯೇ ನೀರು ಹಾಕಿಯಾಗಿರುತ್ತದೆ. ಆದರೂ ಫೋನು ಸುಮ್ಮನಾಗುವವರೆಗೆ ಅವಕ್ಕೆ ಮತ್ತೊಂದು ಸುತ್ತು ನೀರು. ಅಮ್ಮ ತನ್ನ ತಂಗಿಯ ಹತ್ತಿರ ಮಾತಿಗೆ ಕೂತ ದಿನ ಆ ಗಿಡಗಳು ಕೊಳೆತು ಹೋಗುವುದೊಂದು ಬಾಕಿ. ಪಾಪ, ಅವಕ್ಕೂ ಅಭ್ಯಾಸವಾಗಿದೆ.

ವಯಸ್ಸಾದವರಿಗೆ ಮೊಬೈಲು ಅಂದರೆ ಅಷ್ಟಕ್ಕಷ್ಟೇ ಅಂತ ನೀವು ಅಂದುಕೊಳ್ಳಬಹುದು. ಅದಲ್ಲ ವಿಷಯ. ನಮ್ಮಪ್ಪ ಸೈನ್ಯದಲ್ಲಿ ಸಂಬಳ ತಗೊಂಡಿದ್ದೇ ಫೋನಿಗೆ. ಸಿಗ್ನಲ್ಸ್‌ನವನು. ತಂತಿಯ ಉರುಳೆಯನ್ನು ಬೆನ್ನಿಗೆ ಕಟ್ಟಿಕೊಂಡು ಹೊಲ, ಹಳ್ಳ ದಾಟಿ ಲೈನು ಎಳೆಯುವುದು, ತುದಿಯಲ್ಲೊಂದು ಫೋನು ಕೂರಿಸುವುದು, ಹಿಡಿ ತಿರುಗಿಸಿ ಆ ಕಡೆಯವನನ್ನು ಕರೆಯುವುದು, ಇದೇ ಕೆಲಸ. ಅಂಥವನು ರಿಟೈರಾಗಿ ಬಂದು ರಾಜಾಜಿನಗರದ ಒಂದು ಫ್ಯಾಕ್ಟರಿಯ ಗೇಟಿನಲ್ಲಿ ವಾಚ್‌ಮನ್ ಆದಾಗ, ಗೇಟಿನ ಫೋನು ಹೊಡೆದರೆ ಅದನ್ನು ಎತ್ತಲು ರಸ್ತೆ ದಾಟಿ ಬೀಡಾ ಅಂಗಡಿಯವನನ್ನು ಕರೆದುಕೊಂಡು ಬರುತ್ತಿದ್ದನಂತೆ. ಅಡುಗೆ ಭಟ್ಟ ಒಲೆ ಕಂಡರೆ ಓಡಿದ ಹಾಗೆ. ಅಮ್ಮ ಇದನ್ನು ಹೇಳಿ ಈಗಲೂ ತಲೆ ಚಚ್ಚಿಕೊಳ್ಳುತ್ತಾಳೆ.

ನಾವು ಲಂಬಾಣಿಗಳು. ನಮ್ಮ ತಾಂಡಾ ಇರುವುದು ಚನ್ನಗಿರಿ ಕಡೆ. ತಾತ, ಅಜ್ಜಿ ಕೂಲಿ ಹುಡುಕಿಕೊಂಡು ಬೆಂಗಳೂರಿಗೆ ಬಂದಾಗ ವಿಜಯನಗರದಲ್ಲಿ ಇನ್ನೂ ರಸ್ತೆಗೆ ಜಲ್ಲಿ ಹಾಕುತ್ತಿದ್ದರು. ಆ ಜಲ್ಲಿಯಲ್ಲಿ ಅಜ್ಜಿ ಹೊತ್ತ ಬಾಂಡ್ಲಿಗಳೂ ಸೇರಿವೆ. ಆಮೇಲೆ ಎಷ್ಟೋ ವರ್ಷ, ಬಸ್ಸಿನಲ್ಲಿ ಹೋಗುವಾಗ ಅವಳು ಕಿಟಕಿಯಿಂದ ಕೈ ಹೊರಗೆ ಹಾಕಿ ಯಾವುದೋ ಮೋರಿಯನ್ನು ತೋರಿಸಿ, "ನೋಡು, ಅದು ನಂದು" ಎನ್ನುತ್ತಿದ್ದಳು. ನನ್ನ ಸ್ಕೂಲಿನ ಹುಡುಗಿಯರ ಅಜ್ಜಿಯರು ತಮ್ಮ ಸೈಟು ತೋರಿಸುತ್ತಿದ್ದರು, ನಮ್ಮಜ್ಜಿ ಮೋರಿ ತೋರಿಸುತ್ತಿದ್ದಳು. ನಾನು ಆ ಹೊತ್ತಿಗೆ ಇನ್ನೊಂದು ಕಡೆಯ ಕಿಟಕಿ ನೋಡುತ್ತಿದ್ದೆ.

ಅಪ್ಪ ಸೈನ್ಯಕ್ಕೆ ಸೇರಿದ್ದು ತಾಂಡಾದ ಇನ್ನೊಬ್ಬ ಹುಡುಗನ ಜತೆ, ಸೋಮ್ಲಾ ಅಂತ. ಅವರನ್ನು ನಾನು ನೋಡಿಲ್ಲ, ಆದರೂ ನಮಗೆಲ್ಲ ಅವರು ಸೋಮ್ಲಾ ಕಾಕಾನೇ. ಎಪ್ಪತ್ತೊಂದರ ಯುದ್ಧದಲ್ಲಿ ಲೈನಿನ ಒಂದು ತುದಿಗೆ ಅಪ್ಪ, ಇನ್ನೊಂದು ತುದಿಗೆ ಅವರು. ಕೆಲಸದ ಮಾತು ಹಿಂದಿಯಲ್ಲಿ ಮುಗಿಸಿ, ಇಬ್ಬರೂ ನಮ್ಮ ಭಾಷೆಯಲ್ಲಿ ಹರಟೆಗೆ ಇಳಿಯುತ್ತಿದ್ದರಂತೆ. ಒಂದು ದಿನ ಸಾಹೇಬರ ಕಿವಿಗೆ ಬಿತ್ತು. ಇದ್ಯಾವ ಭಾಷೆ ಎಂದು ರೇಗಿದವರು, ಆಮೇಲೆ ಕೂತು ಯೋಚನೆ ಮಾಡಿ, ನಮಗೇ ಅರ್ಥವಾಗಲಿಲ್ಲ ಅಂದಮೇಲೆ ಕದ್ದು ಕೇಳುವವನಿಗೆ ಎಲ್ಲಿಂದ ಅರ್ಥವಾಗುತ್ತದೆ, ಇನ್ನು ಮುಂದೆ ಇದರಲ್ಲೇ ಮಾತಾಡಿ ಅಂದರಂತೆ. ಟ್ಯಾಂಕಿಗೆ ನಮ್ಮಲ್ಲಿ ಹೆಸರೆಲ್ಲಿದೆ? ಎಮ್ಮೆ ಅಂದರು. ಗುಂಡಿಗೆ ಜೋಳ ಅಂದರು. "ನಾಲ್ಕು ಎಮ್ಮೆ ಹೊಳೆ ಕಡೆ ಹೊರಟಿವೆ" ಎಂದು ಅಪ್ಪ ಹೇಳಿದರೆ ಆ ಕಡೆ ಫಿರಂಗಿ ತಿರುಗುತ್ತಿತ್ತಂತೆ. ಇದನ್ನು ಅಪ್ಪ ಅಮ್ಮನಿಗೆ ಹೇಳಿದ್ದು ಒಂದೇ ಸಲ, ಅಮ್ಮ ನಮಗೆ ಹೇಳಿದ್ದು ಲೆಕ್ಕವಿಲ್ಲದಷ್ಟು ಸಲ. ಆದ್ದರಿಂದ ಇದರಲ್ಲಿ ಎಷ್ಟು ಎಮ್ಮೆ ಅಪ್ಪನದು, ಎಷ್ಟು ಅಮ್ಮನದು ಅಂತ ನನ್ನನ್ನು ಕೇಳಬೇಡಿ.

ಅದೇ ಯುದ್ಧದಲ್ಲಿ, ಕಡಿದುಹೋದ ತಂತಿ ಸೇರಿಸಲು ಹೋಗಿ ಸೋಮ್ಲಾ ಕಾಕಾ ತೀರಿಕೊಂಡರು. ನಮಗೆ ಗೊತ್ತಿದ್ದದ್ದು ಇಷ್ಟೇ. ಆಮೇಲೆ ಅಪ್ಪ ಸಾಹೇಬರನ್ನು ಕೇಳಿಕೊಂಡು ಸ್ಟೋರಿಗೆ ಹಾಕಿಸಿಕೊಂಡ, ಕಂಬಳಿ, ಬೂಟು ನೋಡಿಕೊಳ್ಳುವ ಕೆಲಸ. ತಾಂಡಾಕ್ಕೆ ಮಾತ್ರ ಅವನು ಮತ್ತೆ ಹೋಗಲೇ ಇಲ್ಲ. ಮದುವೆಗೆ, ತಿಥಿಗೆ ಅಮ್ಮ ಹೋಗುತ್ತಿದ್ದಳು. ಅಪ್ಪನಿಗೆ ಆ ಹೊತ್ತಿಗೆ ಸರಿಯಾಗಿ ಸೊಂಟ ಹಿಡಿಯುತ್ತಿತ್ತು.

ಬಾಪೂಜಿ ನಗರದ ವಠಾರಕ್ಕೆ ನಾವು ಬಂದಾಗ ನಾನು ಆಗ ತಾನೇ ಸ್ಕೂಲಿಗೆ ಸೇರಿದ್ದೆ. ಅಪ್ಪ ಇನ್ನೂ ಸೈನ್ಯದಲ್ಲಿದ್ದ, ವರ್ಷಕ್ಕೊಮ್ಮೆ ರಜೆಯ ಮೇಲೆ ಬರುತ್ತಿದ್ದ. ಅವನು ಮೊದಲ ಸಲ ಆ ಮನೆಗೆ ಬಂದ ದಿನದ ಕಥೆ ನಿಮಗೆ ಹೇಳಲೇಬೇಕು. ಅದಕ್ಕೆ ಮುಂಚೆ ನಮ್ಮವರ ಒಂದು ಪದ್ಧತಿ ಗೊತ್ತಿರಬೇಕು. ಬಹಳ ದಿನದ ಮೇಲೆ ಯಾರಾದರೂ ಹತ್ತಿರದವರು ಸಿಕ್ಕರೆ ನಮ್ಮ ಹೆಂಗಸರು ಚೆನ್ನಾಗಿದ್ದೀರಾ, ಊಟ ಆಯ್ತಾ ಎಂದು ಕೇಳುವುದಿಲ್ಲ. ತಬ್ಬಿಕೊಂಡು ಅಳುತ್ತಾರೆ. ಸುಮ್ಮನೆ ಕಣ್ಣೊರೆಸಿಕೊಳ್ಳುವ ಅಳು ಅಲ್ಲ, ರಾಗವಾಗಿ, ಬೀದಿಗೆಲ್ಲ ಕೇಳುವ ಹಾಗೆ. ಅಷ್ಟು ದಿನ ಮನೆಯಲ್ಲಿ ಏನೇನು ಆಯಿತು, ಯಾರು ಹೋದರು, ಯಾರು ಹುಟ್ಟಿದರು, ಎಲ್ಲ ಆ ಅಳುವಿನಲ್ಲೇ ಬರುತ್ತದೆ. ಸಮಾಚಾರ ಮುಗಿದ ಮೇಲೆ ಸೆರಗಿನಲ್ಲಿ ಮೂಗು ಒರೆಸಿಕೊಂಡು ಟೀ ಇಡಲು ಎದ್ದು ಹೋಗುತ್ತಾರೆ. ಗಂಡಸರು ಅಳುವುದಿಲ್ಲ, ತಲೆ ತಗ್ಗಿಸಿ ನಿಂತಿರುತ್ತಾರೆ.

ವಠಾರದವರಿಗೆ ಇದೆಲ್ಲ ಏನು ಗೊತ್ತು? ಅವರಿಗೆ ಗೊತ್ತಿದ್ದದ್ದು ಈ ಮನೆಯ ಗಂಡಸು ಮಿಲಿಟರಿಯಲ್ಲಿದ್ದಾನೆ ಅಂತ. ಆ ಬೆಳಿಗ್ಗೆ ಅಪ್ಪ ಟ್ರಂಕು ಇಳಿಸಿ ಒಳಗೆ ಬಂದ, ಅಜ್ಜಿ ಅವನ ಕತ್ತಿಗೆ ಬಿದ್ದು ಶುರು ಮಾಡಿದಳು. ನಾಲ್ಕು ಮನೆಯ ಬಾಗಿಲು ಪಟಪಟ ತೆರೆದುಕೊಂಡವು. ಅಜ್ಜಿಯ ಅಳು ಮುಗಿದು ನಾನು ಹಾಲು ತರಲು ಹೊರಗೆ ಬಂದರೆ, ಎದುರು ಮನೆಯ ಕಮಲಮ್ಮ ಸೇವಂತಿಗೆ ಹಾರ ಹಿಡಿದುಕೊಂಡು ಕಣ್ಣು ಕೆಂಪು ಮಾಡಿಕೊಂಡು ನಿಂತಿದ್ದರು.

"ಶಾರದಾ, ನಿಮ್ಮಪ್ಪನ್ನ ಯಾವಾಗ ತರ್ತಾರಂತಮ್ಮಾ?" ಎಂದರು.

"ಆಗ್ಲೇ ಬಂದ್ರು. ಸ್ನಾನ ಮಾಡ್ತಾ ಇದಾರೆ" ಎಂದೆ.

ಕಮಲಮ್ಮ ನನ್ನ ತಲೆ ಸವರಿ, ಮಗುವಿಗೆ ಏನೂ ತಿಳಿಯದು ಎಂದು ಇನ್ನಷ್ಟು ಅತ್ತರು. ಅಷ್ಟರಲ್ಲಿ ಅಪ್ಪ ಟವೆಲು ಸುತ್ತಿಕೊಂಡು, ಕಿವಿಯಲ್ಲಿ ಸೋಪಿನ ನೊರೆ ಇಟ್ಟುಕೊಂಡು ಬಚ್ಚಲಿನಿಂದ ಹೊರಗೆ ಬಂದು ಅವರಿಗೆ ನಮಸ್ಕಾರ ಮಾಡಿದ. ಕಮಲಮ್ಮ ಹಾರವನ್ನು ನೋಡಿದರು, ಅಪ್ಪನನ್ನು ನೋಡಿದರು, ನೆಟ್ಟಗೆ ಒಳಗೆ ಬಂದು ನಮ್ಮ ಮನೆಯ ಆಂಜನೇಯನ ಫೋಟೋಗೆ ಹಾಕಿ, "ಶನಿವಾರ ಅಲ್ವಾ, ಅದಕ್ಕೇ ತಂದೆ" ಎಂದರು. ಅಂದು ಬುಧವಾರ. ಆಮೇಲೆ ಇಪ್ಪತ್ತು ವರ್ಷ ಅವರು ನಮ್ಮ ಮನೆಯ ಒಳ್ಳೆಯದು, ಕೆಟ್ಟದು ಎಲ್ಲದಕ್ಕೂ ನಿಂತರು.

ರಜೆಯ ಆ ತಿಂಗಳು ನಮ್ಮ ಮನೆ ಬ್ಯಾರಕ್ಕು. ಹಾಸಿಗೆಯ ದುಪ್ಪಟಿ ಚೌಕವಾಗಿ ಮಡಚದಿದ್ದರೆ ಬಿಚ್ಚಿ ಮತ್ತೆ ಮಡಚಬೇಕು. ಹಲ್ಲುಜ್ಜಲು ಸಾಲಾಗಿ ನಿಲ್ಲಬೇಕು. ನಾನು ಒಬ್ಬಳೇ ಮಗಳು, ಒಬ್ಬಳೇ ಸಾಲಾಗಿ ನಿಲ್ಲುತ್ತಿದ್ದೆ. ಅಮ್ಮ ಒಂದು ದಿನ, "ಸಾರು ಯಾವ ರ‍್ಯಾಂಕಿನಲ್ಲಿ ಕುದೀಬೇಕು ಅಂತಾನೂ ಹೇಳ್ಬಿಡಿ" ಎಂದಿದ್ದಳು. ಅಪ್ಪನಿಗೆ ನಗು ಬಂತು, ಆದರೂ ಮಡಿಕೆ ಸರಿ ಇಲ್ಲದ ದುಪ್ಪಟಿಯನ್ನು ಬಿಡಲಿಲ್ಲ.

ನನ್ನ ಮದುವೆಯಲ್ಲೂ ಅಜ್ಜಿ ಅಳು ಬಿಡಲಿಲ್ಲ. ನಮ್ಮಲ್ಲಿ ಮದುವಣಗಿತ್ತಿ ಹೊರಡುವಾಗ ಹಾಡಿಕೊಂಡು ಅಳಬೇಕು, ಅದನ್ನು ಮುಂಚೆಯೇ ಕಲಿತಿರಬೇಕು. ಅಜ್ಜಿ ಒಂದು ತಿಂಗಳು ಪಾಠ ಮಾಡಿದಳು. ಛತ್ರದಲ್ಲಿ ನಿಂತು ನಾನು ಬಾಯಿ ತೆರೆದರೆ ಬಂದದ್ದು ಬಿಕ್ಕಳಿಕೆ. ಫೋಟೋದವನು ನೀರು ತಂದುಕೊಟ್ಟ. ಅಜ್ಜಿ ಸಿಟ್ಟಿಗೆದ್ದು ನನ್ನ ಪಾಲಿನದನ್ನೂ ತಾನೇ ಅತ್ತು ಮುಗಿಸಿದಳು. ಅವಳು ಹೋದಮೇಲೆ ನಮ್ಮ ಮನೆಯಲ್ಲಿ ಹಾಗೆ ಅಳುವವರು ಯಾರೂ ಉಳಿಯಲಿಲ್ಲ. ಚಂದ್ರಾ ಲೇಔಟ್‌ನಲ್ಲಿ ಮನೆ ಕಟ್ಟಿಕೊಂಡೆವು, ಕೆಳಗೆ ಅಪ್ಪ ಅಮ್ಮ, ಮೇಲೆ ನಾವು. ನೆಂಟರು ಬಂದರೆ ಈಗ ನಾವೂ ಎಲ್ಲರ ಹಾಗೆ ಚೆನ್ನಾಗಿದ್ದೀರಾ ಎನ್ನುತ್ತೇವೆ.

ಹೋದ ಶ್ರಾವಣದಲ್ಲಿ ಅಮ್ಮನ ಫೋನು ಬಡಿದುಕೊಂಡಿತು. ಅಪ್ಪ ಯಥಾಪ್ರಕಾರ ಹಿತ್ತಲಿಗೆ ಹೋದ. ಮಾತಾಡಿದವಳು ಹೀರಿಬಾಯಿ, ಸೋಮ್ಲಾ ಕಾಕಾನ ಹೆಂಡತಿ. ಅವರ ಮೊಮ್ಮಗ ಸಿಟಿ ಬಸ್ಸಿನ ಡ್ರೈವರು, ಕೆಂಗೇರಿಯಲ್ಲಿ ಮನೆ ಮಾಡಿದ್ದಾನೆ. ಕಣ್ಣಿನ ಪೊರೆ ತೆಗೆಸಲು ಅಜ್ಜಿಯನ್ನು ತಾಂಡಾದಿಂದ ಕರೆಸಿಕೊಂಡಿದ್ದ.

"ಠಾಕ್ರಾನಿಗೆ ಕೊಡು" ಎಂದಳಂತೆ ಹೀರಿಬಾಯಿ, ಅಪ್ಪನ ಹೆಸರು ಹಿಡಿದು.

"ಹಿತ್ತಲಲ್ಲಿದಾರೆ ಅಕ್ಕ" ಎಂದಳು ಅಮ್ಮ.

"ಐವತ್ತು ವರ್ಷದಿಂದ ಹಿತ್ತಲಲ್ಲೇ ಇದಾನಾ? ಇರ್ಲಿ ಬಿಡು. ಆಪರೇಷನ್ ಆದ್ಮೇಲೆ ನಾನೇ ಬರ್ತೀನಿ. ಅವನನ್ನ ಎರಡು ಕಣ್ಣಲ್ಲೂ ನೋಡ್ಬೇಕು, ಕೇಳೋದಿದೆ ಅಂತ ಹೇಳು."

ಅಮ್ಮ ಹೇಳಿದಳು. ಅಂದಿನಿಂದ ಅಪ್ಪ ಅಪ್ಪನಾಗಿ ಉಳಿಯಲಿಲ್ಲ. ತಟ್ಟೆಯಲ್ಲಿ ಅನ್ನ ಹಾಗೇ ಬಿಡುತ್ತಿದ್ದ. ಅವಳು ಬರುವ ಸೋಮವಾರ ಹತ್ತಿರವಾದ ಹಾಗೆ, ಅವತ್ತೇ ಮಿಲಿಟರಿ ಕ್ಯಾಂಟೀನಿಗೆ ಹೋಗಬೇಕು, ಎಣ್ಣೆ ಮುಗಿದಿದೆ ಎಂದು ಹಠ ಹಿಡಿದ. ಸೋಮವಾರ ಕ್ಯಾಂಟೀನಿಗೆ ರಜೆ ಎಂದು ಅಮ್ಮ ನೆನಪಿಸಿದಳು. ಹಾಗಾದರೆ ಹಲ್ಲು ತೋರಿಸಬೇಕು ಎಂದ. ಹಲ್ಲು ಕಟ್ಟಿಸಿದ್ದು, ಎರಡು ಸಾಲೂ. ನನಗೆ ನಗು ಬಂತು, ಆಮೇಲೆ ಅವನ ಮುಖ ನೋಡಿ ನಗು ಹೋಯಿತು.

"ಯಾಕಪ್ಪಾ ಇಷ್ಟು ಹೆದರ್ತೀಯ? ವಯಸ್ಸಾದ ಹೆಂಗಸು, ನಿನ್ನ ಏನು ಮಾಡ್ತಾಳೆ?" ಎಂದೆ.

ಅಪ್ಪ ಬೂಟಿಗೆ ಪಾಲಿಶ್ ಹಚ್ಚುತ್ತಿದ್ದ. ತಲೆ ಎತ್ತಲಿಲ್ಲ.

"ಅವಳು ತಬ್ಕೊಂಡು ಅಳ್ತಾಳೆ ಕಣೇ. ಅವನ ಹೆಸರು ಹೇಳಿ ಅಳ್ತಾಳೆ. ಅತ್ತಮೇಲೆ ಕೇಳ್ತಾಳೆ. ಹೇಳಿದ್ರೆ ಈ ಮನೆಗೆ ಉಗಿದು ಹೋಗ್ತಾಳೆ. ಹೇಳ್ದೆ ಇರೋಕೆ ನನ್ ಕೈಲಿ ಆಗಲ್ಲ, ಅವಳ ಮುಂದೆ ಸುಳ್ಳು ಬರಲ್ಲ ನಂಗೆ. ಅದಕ್ಕೇ ಹೋಗ್ಲಿಲ್ಲ ಇಷ್ಟು ದಿನ" ಎಂದ.

ಏನು ಹೇಳುವುದಿತ್ತು ಎಂದು ಕೇಳಲು ನನಗೆ ಧೈರ್ಯವಾಗಲಿಲ್ಲ. ಅಮ್ಮನಿಗೂ ಗೊತ್ತಿರಲಿಲ್ಲ. ಅರವತ್ತು ವರ್ಷದ ಹತ್ತಿರ ಸಂಸಾರ ಮಾಡಿದವಳಿಗೆ ಹೇಳದ ಮಾತನ್ನು ಅಪ್ಪ ಯಾರಿಗೆ ಹೇಳುತ್ತಾನೆ? ಸೋಮವಾರ ಬೆಳಿಗ್ಗೆ ಅವನು ಗಡ್ಡ ಹೆರೆದುಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ವರಾಂಡದ ಕುರ್ಚಿಯಲ್ಲಿ ನೆಟ್ಟಗೆ ಕೂತ.

ಆಟೋ ಬಂತು. ಮೊಮ್ಮಗ ಕೈ ಹಿಡಿದು ಇಳಿಸಿದ. ಹೀರಿಬಾಯಿ ತೆಳ್ಳಗೆ, ಉದ್ದಕ್ಕೆ, ಮಾಸಲು ಕೆಂಪು ಸೀರೆ, ಕಣ್ಣಿಗೆ ಆಸ್ಪತ್ರೆಯವರು ಕೊಟ್ಟ ದೊಡ್ಡ ಕಪ್ಪು ಕನ್ನಡಕ. ಅಪ್ಪ ಎದ್ದು ನಿಂತ, ಕೈ ಎರಡೂ ಪಕ್ಕಕ್ಕೆ, ತಲೆ ತಗ್ಗಿಸಿ. ಈಗ ಅಳು ಶುರುವಾಗುತ್ತದೆ ಎಂದುಕೊಂಡೆ.

"ಆಂಟಿ, ಒಂದ್ ವಿಷ್ಯ" ಎಂದ ಮೊಮ್ಮಗ, ನನ್ನನ್ನು ಪಕ್ಕಕ್ಕೆ ಕರೆದು. "ಡಾಕ್ಟ್ರು ಇನ್ನೂ ಒಂದ್ ತಿಂಗ್ಳು ಅಳೋ ಹಾಗಿಲ್ಲ ಅಂದಿದಾರೆ. ನೀರು ಸೋಕಿದ್ರೆ ಕಣ್ಣು ಕೆಡ್ತದಂತೆ. ಸ್ವಲ್ಪ ನೋಡ್ಕೊಳ್ಳಿ. ನಂಗೆ ಡ್ಯೂಟಿ ಇದೆ, ಸಂಜೆ ಬಂದು ಕರ್ಕೊಂಡ್ ಹೋಗ್ತೀನಿ."

ಅವನು ಅದೇ ಆಟೋದಲ್ಲಿ ಹೋದ. ಹೀರಿಬಾಯಿ ಅಪ್ಪನ ಮುಂದೆ ಬಂದು, ಅವನ ಎರಡೂ ಕೆನ್ನೆಗೆ ಕೈ ಇಟ್ಟು, ಬಹಳ ಹೊತ್ತು ಮುಖ ನೋಡಿದಳು. ಅಳಲಿಲ್ಲ. ಒಳಗೆ ಬಂದು ಸೋಫಾ ಬಿಟ್ಟು ನೆಲದ ಮೇಲೆ ಕೂತಳು. ಅಪ್ಪನೂ ಮಂಡಿ ನೋವು ಮರೆತು ಎದುರಿಗೆ ಕೂತ. ಅವರ ಮಾತೆಲ್ಲ ನಮ್ಮ ಭಾಷೆಯಲ್ಲಿ ನಡೆಯಿತು, ನಿಮಗಾಗಿ ಕನ್ನಡದಲ್ಲಿ ಹೇಳುತ್ತಿದ್ದೇನೆ.

"ಅಳೋ ಹಾಗಿಲ್ಲವಂತೆ, ಅದಕ್ಕೆ ನೇರವಾಗಿ ಕೇಳ್ತೀನಿ" ಎಂದಳು ಹೀರಿಬಾಯಿ. "ಅವತ್ತು ಅವನು ಊಟ ಮಾಡಿದ್ನಾ?"

ಅಪ್ಪ ಏನೋ ಬೇರೆ ಪ್ರಶ್ನೆಗೆ ಕಾದಿದ್ದ ಅಂತ ಕಾಣುತ್ತದೆ.

"ಮಿಲಿಟರಿಯವರು ಬಂದು ಎಲ್ಲ ಹೇಳಿದ್ರು. ಎಲ್ಲಿ ಬಿದ್ದ, ಎಷ್ಟು ಧೈರ್ಯ, ಎಲ್ಲ ಹೇಳಿದ್ರು. ತಿಂದಿದ್ನೋ ಇಲ್ವೋ ಯಾರೂ ಹೇಳ್ಲಿಲ್ಲ. ಕಾಗದ ಬರೆದಾಗೆಲ್ಲ ಹಸಿವು ಹಸಿವು ಅಂತಿದ್ದ. ನಾನು ಇಷ್ಟು ವರ್ಷ ರೊಟ್ಟಿ ತಟ್ಟೋವಾಗೆಲ್ಲ, ಹಸ್ಕೊಂಡು ಹೋದ್ನೇನೋ ಅಂತ ಅಂದ್ಕೊಂಡೇ ತಟ್ಟಿದೀನಿ. ನೀನು ಇದ್ದೋನು ಜತೆಯಲ್ಲಿ. ಹೇಳು."

"ತಿಂದಿದ್ದ" ಎಂದ ಅಪ್ಪ. "ಅವನದ್ದೂ ತಿಂದ, ನನ್ನದೂ ತಿಂದ. ಅವತ್ತು ಇಬ್ಬರೂ ಲೈನಿನ ಒಂದೇ ತುದೀಲಿದ್ವಿ. ನಂಗೆ ಜ್ವರ ಇತ್ತು ಅತ್ತಿಗೆ, ಬಾಯಿಗೆ ರುಚಿ ಇರ್ಲಿಲ್ಲ, ನನ್ನ ಪಾಲಿನ ರೊಟ್ಟಿ ಅವನ ಕಡೆ ತಳ್ಳಿದೆ. ಅಷ್ಟರಲ್ಲಿ ಲೈನು ಕಡೀತು. ಹೋಗೋ ಸರದಿ ನಂದು. ನಾನು ಎದ್ದೆ. ಅವನು ನನ್ನ ಭುಜ ಹಿಡಿದು ಕೂರಿಸಿ, ನಿನ್ನ ರೊಟ್ಟಿ ತಿಂದಿದ್ದೀನಿ, ನಿನ್ನ ದಾರೀನೂ ನಾನೇ ನಡೀತೀನಿ ಅಂದ. ನಾನು ಬೇಡ ಅನ್ನಬೇಕಿತ್ತು. ಅನ್ಲಿಲ್ಲ. ಕಂಬಳಿ ಹೊದ್ಕೊಂಡು ಕೂತೆ."

ಅಮ್ಮ ಅಡುಗೆಮನೆ ಬಾಗಿಲಿಗೆ ಬಂದು ನಿಂತಿದ್ದಳು.

"ಆಮೇಲೆ ಫೋನಿನ ಗಂಟೆ ಹೊಡೀತು" ಎಂದ ಅಪ್ಪ. "ಎತ್ತಿದೆ. ಒಯ್ದಿದ್ದ ಫೋನು ತಂತಿಗೆ ಸಿಕ್ಕಿಸಿ ಅಲ್ಲಿಂದ್ಲೇ, ಸೇರಿಸ್ಬಿಟ್ಟೆ, ಕೇಳ್ತಾ ಇದೆಯೇನೋ ಅಂದ. ಕೇಳ್ತಾ ಇದೆ, ಬೇಗ ಬಾ ಅಂದೆ. ಇನ್ನೂ ಏನೋ ಹೇಳೋಕೆ ಬಂದ. ಅಷ್ಟೇ. ಫೋನು ಕಿವೀಲೇ ಇತ್ತು."

ಇಷ್ಟು ವರ್ಷ ಕುಂಡದ ಗಿಡಗಳನ್ನು ಆಡಿಕೊಂಡು ನಕ್ಕಿದ್ದು ನನಗೆ ನೆನಪಾಯಿತು.

ಅಪ್ಪ ಹೆದರಿದ್ದು ಇದಕ್ಕೇ. ಈಗ ಹೀರಿಬಾಯಿ ಎದ್ದು ಹೋಗುತ್ತಾಳೆ, ಬಾಯಿಗೆ ಬಂದದ್ದು ಬೈಯುತ್ತಾಳೆ ಎಂದು ನಾನೂ ಅಂದುಕೊಂಡೆ. ಅವಳ ತುಟಿ ಅದುರಿತು. ನೋಡಿದರೆ ನಗು.

"ನಿನ್ನ ರೊಟ್ಟೀನೂ ತಿಂದ್ನಾ?" ಎಂದಳು. "ಮದುವೆ ಆದ ಹೊಸದರಲ್ಲಿ ನಮ್ಮಮ್ಮ ಮನೆ ಮಂದಿಗೆಲ್ಲ ಅಂತ ಮಾಡಿಟ್ಟಿದ್ದನ್ನ ಒಬ್ಬನೇ ತಿಂದಿದ್ದ. ಹೊಟ್ಟೆಬಾಕ. ಹೊಟ್ಟೆ ತುಂಬಿತ್ತು ಅನ್ನು."

"ತುಂಬಿತ್ತು. ತೇಗಿದ."

"ತೇಗಿದ್ನಾ?" ಎಂದು ಅವಳು ಇನ್ನೊಮ್ಮೆ ಕೇಳಿದಳು. ಅಪ್ಪ ತಲೆ ಆಡಿಸಿದ. ಅವಳು ಗೋಡೆಗೆ ಒರಗಿ ಉದ್ದಕ್ಕೆ ಉಸಿರು ಬಿಟ್ಟಳು. ಅಷ್ಟು ದಿನ ಹೊತ್ತುಕೊಂಡಿದ್ದನ್ನು ಇಳಿಸಿದ ಹಾಗಿತ್ತು.

"ನಾನು ಸಾಯ್ಬೇಕಿತ್ತು ಅತ್ತಿಗೆ" ಎಂದ ಅಪ್ಪ.

"ಯಾರು ಸಾಯ್ಬೇಕು ಅಂತ ಹೇಳೋಕೆ ನೀನ್ಯಾರು? ಅವನು ಉಂಡ ಋಣ ತೀರಿಸಿ ಹೋದ. ಅದು ಅವನ ದೊಡ್ಡಸ್ತಿಕೆ, ಅದನ್ನ ಯಾಕೆ ನಿನ್ನ ತಪ್ಪು ಅಂತ ಮಾಡ್ಕೊಂಡೆ?" ಈಗ ಅವಳ ಧ್ವನಿ ಗಟ್ಟಿಯಾಯಿತು. "ನಿನ್ನ ಮೇಲೆ ನಂಗೆ ಸಿಟ್ಟಿದೆ. ಯುದ್ಧದಲ್ಲಿ ಸತ್ತಿದ್ದು ಅವನೊಬ್ಬ. ನೀನು ಬದುಕಿದ್ದೂ ಬರ್ಲಿಲ್ಲ. ನಿನ್ನ ನೋಡಿದ್ರೆ ಅವನನ್ನ ಒಂದಿಷ್ಟು ನೋಡಿದ ಹಾಗೆ ಆಗ್ತಿತ್ತು. ನನ್ನ ಮಗ ಕಾಕಾ ಯಾವಾಗ ಬರ್ತಾನೆ ಅಂತ ಕೇಳಿ ಕೇಳಿ ದೊಡ್ಡೋನಾದ. ನಂಗೆ ಇಬ್ಬರು ಸತ್ತ ಹಾಗೆ ಮಾಡ್ದೆ ನೀನು."

ಅಪ್ಪ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಅವನ ಭುಜ ಅಲುಗುತ್ತಿತ್ತು, ಸದ್ದು ಮಾತ್ರ ಇಲ್ಲ. ಹೀರಿಬಾಯಿ ತೆವಳಿಕೊಂಡು ಹತ್ತಿರ ಬಂದು ಅವನ ಕತ್ತಿಗೆ ಕೈ ಹಾಕಿದಳು. ಕಪ್ಪು ಕನ್ನಡಕದ ಕೆಳಗಿನಿಂದ ನೀರು ಇಳಿಯಲು ನೋಡುತ್ತಿತ್ತು, ತಲೆ ಮೇಲೆತ್ತಿ ತಡೆದುಕೊಂಡಳು. ನಾನು ಕರವಸ್ತ್ರ ಹಿಡಿದು ಅತ್ತ ಇತ್ತ ನೋಡುತ್ತ ನಿಂತೆ.

"ನಾನು ಅಳೋ ಹಾಗಿಲ್ಲ ಠಾಕ್ರಾ, ಡಾಕ್ಟ್ರು ಬೈತಾರೆ" ಎಂದಳು. "ನೀನೇ ಅಳು. ನನ್ನ ಪಾಲಿನದ್ದೂ ಸೇರಿಸಿ ಅಳು. ಸೋಮ್ಲಾನ ಹೆಸರು ಹೇಳ್ಕೊಂಡು, ಬಾಯಿ ಬಿಟ್ಟು ಅಳು."

ನಮ್ಮಲ್ಲಿ ಗಂಡಸರು ಅಳುವುದಿಲ್ಲ. ಅವತ್ತು ಅಪ್ಪ ಅತ್ತ. ಅಪ್ಪನಿಗೆ ರಾಗ ಗೊತ್ತಿರಲಿಲ್ಲ, ಮಾತು ಹಿಂದು ಮುಂದಾಗುತ್ತಿತ್ತು, ಅರ್ಧದಲ್ಲಿ ಕೆಮ್ಮು ಬರುತ್ತಿತ್ತು. ಅವನು ತಪ್ಪಿದಲ್ಲೆಲ್ಲ ಹೀರಿಬಾಯಿ ಅವನ ಬೆನ್ನು ತಟ್ಟಿ, ಮುಂದಿನ ಮಾತು ಮೆಲ್ಲಗೆ ಹೇಳಿಕೊಡುತ್ತಿದ್ದಳು.